ತಾರ್ತುವಿನ ಟೊಪ್ಪಿಗೆಗಳು

ಎಸ್ತೋನಿಯಾ ದೇಶದ ತಾರ್ತು ಪಟ್ಟಣಕ್ಕೆ ನಾವು ಹೋದುದು ಒಂದು ಹಳೆಯ ಋಣದ ನೆನಪಿನಿಂದ. ಮೈತ್ರಾಯಣೀ ಸಂಹಿತೆಯನ್ನು 1881ರಿಂದ ಮೊದಲ್ಗೊಂಡು ಶೋಧಿಸಿ ಅಚ್ಚುಹಾಕಿಸಿದ ಲಿಯೊಪೋಲ್ಡ್ ಫಾನ್ ಶ್ರೋಡರ್ ಪಂಡಿತನು ಹುಟ್ಟಿದುದೂ, ಸಂಸ್ಕೃತವನ್ನು ಬೋಧಿಸಿದುದೂ ಇದೇ ಊರಿನಲ್ಲಿ. 1632ರಲ್ಲಿ ಸ್ಥಾಪಿತವಾದ ಇಲ್ಲಿನ ವಿಶ್ವವಿದ್ಯಾಲಯವನ್ನು ಕಣ್ಣಾರೆ ಕಾಣಬೇಕೆಂಬುದು ನಮ್ಮ ಆಸೆ. ಆದರೆ ಊರೊಳಗೆ ಕಾಲಿಟ್ಟ ಸಂಜೆಯೇ ವೇದವು ಹಿಂದಾಗಿ ಟೊಪ್ಪಿಗೆಯು ಮುಂದಾಯಿತು.

ಅಂದು ಏಪ್ರಿಲ್ 30, ಅಲ್ಲಿನವರ ವಸಂತದ ರಾತ್ರಿ. ವಿದ್ಯಾರ್ಥಿಗಳ ಭ್ರಾತೃಸಂಘಗಳು ಮೆರವಣಿಗೆ ಹೊರಟಿದ್ದುವು. ಸಂಘಕ್ಕೊಂದು ಬಣ್ಣದ ಮೇಳ. ಅದೇ ಬಣ್ಣಗಳ ಪುಟ್ಟ ಟೊಪ್ಪಿಗೆ. ನಡುನಡುವೆ ಬರಿಯ ಕರಿಯ ಟೊಪ್ಪಿಗೆಯವರೂ ಇದ್ದರು. "ಪಾಪ, ಈ ಹುಡುಗರಿಗೇಕೆ ಅಮಂಗಳದ ಬಣ್ಣ?" ಎಂದು ನಮ್ಮ ಮನೆಯವರು ಮರುಗಿದರು. ಪಕ್ಕದಲ್ಲಿದ್ದ ಅಂತಹ ಹುಡುಗನೊಬ್ಬನನ್ನು ವಿಚಾರಿಸಲು, ತಾನು ಹೊಸಬನೆಂದೂ, ಸಂಘದ ಮರ್ಯಾದೆಗಳನ್ನು ಕಲಿತು ಹಿರಿಯರ ಒಪ್ಪಿಗೆ ಪಡೆದ ಮೇಲೆ ಬಣ್ಣ ದೊರೆಯುವುದೆಂದೂ ಹೇಳಿದನು. ಬ್ರಹ್ಮಚಾರಿಗೆ ವ್ರತವಿದ್ದಂತೆ ಎಂದುಕೊಂಡೆವು.

ಅವನು ಸೇರಬಯಸಿದ್ದುದು ನೀಲಿ, ಕಪ್ಪು, ಬಿಳುಪು ಬಣ್ಣಗಳ ಸಂಘ. ಇದರ ಕಥೆಯನ್ನು ವಾಚಕರು ಕೇಳಲೇಬೇಕು. 1881ರಲ್ಲಿ ಈ ನಾಡಿನ ಚಕ್ರವರ್ತಿ ರಷ್ಯದವನು, ಜಮೀನುದಾರರು ಜರ್ಮನರು. ಎಸ್ತೋನಿಯನರಲ್ಲಿ ಹೆಚ್ಚಿನವರು ಉಳುವವರು. ಆ ಒಕ್ಕಲುಮಕ್ಕಳಲ್ಲಿ ಓದಲು ಬಂದ ಕೆಲವರು ತಮಗೂ ಒಂದು ಸಂಘ ಬೇಕೆಂದು ಈ ಮೂರು ಬಣ್ಣಗಳನ್ನು ಆರಿಸಿಕೊಂಡರು. ಜರ್ಮನರ ಸಂಘಗಳು ಅವರನ್ನು ಸಮಾನರೆಂದು ಅಂಗೀಕರಿಸಲಿಲ್ಲ. ಹೆಂಗಸರು ರೇಷ್ಮೆಯಲ್ಲಿ ಹೊಲಿದುಕೊಟ್ಟ ಧ್ವಜವನ್ನು ತಾರ್ತುವಿನಲ್ಲಲ್ಲ, ದೂರದ ಓತೆಪಾ ಗ್ರಾಮದ ಪಾದ್ರಿಯ ಮನೆಯಲ್ಲಿ, 1884ರ ಜೂನ್ 4ರಂದು ಪ್ರತಿಷ್ಠೆ ಮಾಡಿದರು. ದೇಶವು 1918ರಲ್ಲಿ ಸ್ವತಂತ್ರವಾದಾಗ ಆ ಸಂಘದ ಬಣ್ಣಗಳೇ ರಾಷ್ಟ್ರಧ್ವಜವಾದುವು!

1940ರಲ್ಲಿ ಸೋವಿಯತ್ ಆಳ್ವಿಕೆ ಬಂದಿತು. ಆ ಧ್ವಜವು ನಿಷಿದ್ಧವಾಯಿತು. ಮೊದಲ ರೇಷ್ಮೆಯ ಧ್ವಜವನ್ನು 1943ರಲ್ಲಿ ಹಳ್ಳಿಯ ಮನೆಯೊಂದರ ಹೊಗೆಗೂಡಿನ ಬಳಿ ಬಚ್ಚಿಟ್ಟರು. ಅಲ್ಲಿ ಅದು 1991ರವರೆಗೆ ಇದ್ದಿತು. ಒಳಗೇನಿದೆಯೆಂದು ಬಲ್ಲವರು ಆ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಎಷ್ಟು ಚಳಿಗಾಲಗಳನ್ನು ಕಳೆದರೋ! ಈಗ ಅದನ್ನು ತಾರ್ತುವಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಪಿಟ್ಟಿದ್ದಾರೆ. ಇದೇ ಊರಿನಲ್ಲಿ 1988ರ ಏಪ್ರಿಲ್‌ನಲ್ಲಿ ನಿಷೇಧವಿನ್ನೂ ಇದ್ದಾಗಲೇ ಜನರು ನೀಲಿಯದೊಂದು, ಕಪ್ಪಿನದೊಂದು, ಬಿಳಿಯದೊಂದು, ಹೀಗೆ ಬೇರೆ ಬೇರೆ ಬಟ್ಟೆಗಳನ್ನು ಒಟ್ಟಿಗೆ ಹಿಡಿದು ನಡೆದರಂತೆ. ಬರಿಯ ಕರಿಯ ಬಟ್ಟೆಯನ್ನು ಹಿಡಿದವನನ್ನು ಯಾವ ಅಪರಾಧಕ್ಕೆ ಬಂಧಿಸುವುದು? ನ್ಯಾಯಶಾಸ್ತ್ರ ಓದಿದ ನಮಗೂ ಈ ಯುಕ್ತಿ ಹೊಳೆಯುತ್ತಿರಲಿಲ್ಲ.

ಬಿಳುಪು ಸತ್ತ್ವ, ಕೆಂಪು ರಜಸ್ಸು, ಕಪ್ಪು ತಮಸ್ಸು ಎಂದು ಸಾಂಖ್ಯರ ಮಾತನ್ನು ನಾವು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವರು. ಬಣ್ಣದ ಅರ್ಥವು ಅದರಲ್ಲಿಯೇ ಹುಟ್ಟಿಬಂದುದೆಂದು ನಂಬಿದ್ದವರು. ಆ ಹುಡುಗನಾದರೋ, ನೀಲಿ ಆಕಾಶ, ಬಿಳುಪು ಹಿಮ, ಕಪ್ಪು ನಮ್ಮ ಅಜ್ಜಂದಿರು ಉತ್ತ ಮಣ್ಣು ಎಂದನು. ನಮ್ಮ ಮನೆಯವರು, "ನಮ್ಮ ಎರೆಹೊಲವೂ ಕರಿಯದೇ ಅಲ್ಲವೇ?" ಎಂದು ನಮ್ಮ ಮುಖ ನೋಡಿದರು. ನಾವು ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಹುಡುಗನು ತನ್ನ ಕರಿಯ ಟೊಪ್ಪಿಗೆಯನ್ನು ತೆಗೆದು ಮೇಲಂಗಿಯ ಒಳಗೆ ಸೇರಿಸಿಕೊಂಡು, ತಲೆಯನ್ನು ನೆನೆಯಗೊಟ್ಟು, ಗೆಳೆಯರ ಹಿಂದೆ ಓಡಿದನು.