ಐಸಿಯು ಬಾಗಿಲಿನ ಹೊರಗೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದಿನ ಬಹುಭಾಗ ಹಾಗೂ ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಆ ಮೇಲೆ ನಮ್ಮಂಥ ಮನೆಗಳಲ್ಲಿ ಒಂದು ರೂಢಿ ಬೆಳೆಯಿತು: ಕಚೇರಿ, ಆಸ್ಪತ್ರೆಗಳ ಮಾತನ್ನು ತೆಲುಗು ಬಲ್ಲ ಮಕ್ಕಳು ಆಡುವುದು, ಮನೆಗೆ ಬಂದು ಹಿರಿಯರಿಗೆ ಕನ್ನಡದಲ್ಲಿ ತಿಳಿಸುವುದು. ಈ ಹೊಣೆ ಎಷ್ಟು ಭಾರವಾದುದೆಂದು ನನಗೆ ಅರಿವಾದದ್ದು ಅಪ್ಪನವರನ್ನು ಹೈದರಾಬಾದಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ.

ಕಾರ್ತಿಕ ಮಾಸ. ನ್ಯುಮೋನಿಯಾ ಉಲ್ಬಣಿಸಿ ಅವರಿಗೆ ವೆಂಟಿಲೇಟರ್ ಅಳವಡಿಸಿದ್ದರು. ಬೆಳಿಗ್ಗೆ, ಸಂಜೆ ಒಬ್ಬರಿಗೆ ಮಾತ್ರ ಒಳಗೆ ಪ್ರವೇಶ. ವೈದ್ಯರ ಮಾತು ತಿಳಿಯುವವನೆಂದು ನಾನೇ ಹೋಗುತ್ತಿದ್ದೆ. ಅಪ್ಪನ ಚಪ್ಪಲಿಗಳಿದ್ದ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವ್ವ ಹೊರಗೆ ಕುಳಿತಿರುತ್ತಿದ್ದಳು. "ಆರಾಮ ಆಗ್ಲಿಕತ್ತಾರ" ಎಂದು ಮೂರು ದಿನ ಅವಳಿಗೆ ಸುಳ್ಳು ಹೇಳಿದೆ. ಅದನ್ನು ಕರುಣೆಯೆಂದೇ ಭಾವಿಸಿದ್ದೆ.

ಮೂರನೆಯ ರಾತ್ರಿ ಅವ್ವ ಹೇಳಿದಳು: "ಒಳಗಿಂದ ಬಂದಾಗ ನಿನ್ನ ಮಾರಿ ನೋಡ್ತೀನಪ್ಪ. ಬಾಯಿ ಒಂದು ಹೇಳ್ತದ, ಮಾರಿ ಒಂದು ಹೇಳ್ತದ. ನಾ ಯಾವುದು ನಂಬಲಿ?"

ಬೀದರ ಕಡೆಯ ಶುಶ್ರೂಷಕಿಯೊಬ್ಬರು ಈ ಮಾತನ್ನು ಕೇಳಿಸಿಕೊಂಡರು. ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕುಳಿತು, "ಊಟ ಆಯ್ತೇನವ್ವಾ?" ಎಂದು ಮೊದಲು ಕೇಳಿದರು. ಬಳಿಕ ಕನ್ನಡದಲ್ಲಿ ವಿವರಿಸಿದರು: ವೆಂಟಿಲೇಟರ್ ರೋಗವನ್ನು ವಾಸಿಮಾಡದು, ಶ್ವಾಸಕೋಶ ಚೇತರಿಸಿಕೊಳ್ಳಲು ಕಾಲಾವಕಾಶ ಕೊಡುತ್ತದೆ, ಗಂಟಲಲ್ಲಿ ಕೊಳವೆಯಿರುವುದರಿಂದ ಅವರು ಮಾತನಾಡಲಾರರು, ಆದರೆ ನಮ್ಮ ಮಾತು ಅವರಿಗೆ ಕೇಳಿಸಬಹುದು, ಕೈ ಹಿಡಿದು ಮಾತನಾಡಿಸಬಹುದು. ಉಳಿಯುವ ಭರವಸೆ ಕಡಿಮೆಯೆಂಬ ವೈದ್ಯರ ಮಾತನ್ನು ಆಗ ನಾನೇ ಹೇಳಿದೆ. ಅವ್ವ ಬಹಳ ಹೊತ್ತು ಅತ್ತಳು. ಅನಂತರ, ಮೂರು ದಿನಗಳಲ್ಲಿ ಮೊದಲ ಬಾರಿಗೆ, ಅರ್ಧ ರೊಟ್ಟಿ ತಿಂದಳು.

ಮರುದಿನದಿಂದ ಅವಳೇ ಒಳಗೆ ಹೋದಳು. ತೊಗರಿ ಹೂ ಬಿಟ್ಟಿರುವುದನ್ನು, ಎಮ್ಮೆ ಕರು ಹಾಕಿದ್ದನ್ನು ಅಪ್ಪನಿಗೆ ಹೇಳಿ ಬಂದಳು. ಆರನೆಯ ದಿನ ಅಪ್ಪ ತೀರಿಕೊಂಡರು. "ಹೇಳೋದೆಲ್ಲ ಹೇಳೀನಿ" ಎಂಬ ಸಮಾಧಾನ ಅವ್ವನಿಗಿದೆ. ಅವಳಿಂದ ಮೂರು ದಿನಗಳನ್ನು ಕಸಿದುಕೊಂಡ ಅಳಲು ನನಗಿದೆ.

ಫ್ರಾನ್ಸಿನ 22 ತೀವ್ರ ನಿಗಾ ಘಟಕಗಳಲ್ಲಿ ಮರಣಾಸನ್ನರಾಗಿದ್ದ 126 ರೋಗಿಗಳ ಕುಟುಂಬಗಳನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ವೈದ್ಯರು ಬಿಡುವು ಮಾಡಿಕೊಂಡು ಕುಳಿತು, ಮನೆಯವರಿಗೆ ಪ್ರಶ್ನಿಸಲು, ದುಃಖ ತೋಡಿಕೊಳ್ಳಲು ಅವಕಾಶವಿತ್ತು, ಒಂದು ಕಿರುಹೊತ್ತಗೆಯನ್ನೂ ಕೊಟ್ಟಾಗ, 90 ದಿನಗಳ ತರುವಾಯ ಆ ಕುಟುಂಬಗಳಲ್ಲಿ ಆಘಾತ, ಆತಂಕ, ಖಿನ್ನತೆಯ ಲಕ್ಷಣಗಳು ಉಳಿದವರಿಗಿಂತ ಕಡಿಮೆಯಿದ್ದವು. ನಮ್ಮ ಶುಶ್ರೂಷಕಿಯೂ ಅಂದು ಮಾಡಿದ್ದು ಅಂಥದೇ ಕೆಲಸ.

ಸಂಘದ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಊರುಗಳವರು ಹೈದರಾಬಾದಿನ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದಾಗ ಹಣ್ಣು ಕೊಟ್ಟು ಮರಳದಿರೋಣ. ಹೊರಗೆ ಕುಳಿತವರೊಡನೆ ಒಂದು ರಾತ್ರಿ ಕುಳಿತು ಅವರನ್ನು ಸ್ವಲ್ಪ ಮಲಗಿಸೋಣ. ವೈದ್ಯರನ್ನು ಕೇಳಬೇಕಾದುದನ್ನು ಬರೆದುಕೊಂಡು ಹೋಗಿ, ಉತ್ತರವನ್ನು ಕೂಡಿಸದೆ ಕಳೆಯದೆ ಕನ್ನಡದಲ್ಲಿ ತಿಳಿಸೋಣ. ತಿಂಗಳುಗಳ ನಂತರವೂ ನಿದ್ದೆ ಬಾರದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416 ಇರುವುದನ್ನು ನೆನಪಿಸೋಣ. ಇಂಥ ಸರದಿಗೆ ಮೊದಲ ಹೆಸರು ನನ್ನದಿರಲಿ. ಇದೂ ಕನ್ನಡದ ಕೆಲಸವೇ.