ಕಿವಿಗೆ ಎಷ್ಟು ಬೇಕು?

ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವನು ನಾನು. ಈ ಸಲ ಕೇಳಿಸಿಯೇ ತೋರಿಸೋಣವೆಂದು ಮನೆಯ ಸ್ಪೀಕರನ್ನು ತರಗತಿಗೆ ಹೊತ್ತೊಯ್ದು ಮೊಬೈಲಿಗೆ ಜೋಡಿಸಿದೆ. ಸದ್ದು ಕೇಳುವವರೆಗೆ ಎಲ್ಲರೂ ಕೈ ಎತ್ತಿರಬೇಕು. ಹತ್ತು ಸಾವಿರ ದಾಟಿತು. ಹನ್ನೊಂದು ಸಾವಿರವೂ ದಾಟಿತು.

"ಆಫ್ ಆಯಿತೇನ್ರೋ?" ಎಂದೆ.

"ಇಲ್ಲ ಸಾರ್, ಕಿವಿ ಚುಚ್ತಾ ಇದೆ" ಎಂದಳು ಮುಂದಿನ ಬೆಂಚಿನ ಹುಡುಗಿ. ಹದಿನೈದು ಸಾವಿರದವರೆಗೂ ಮಕ್ಕಳ ಕೈ ಇಳಿಯಲಿಲ್ಲ. ಇಳಿದದ್ದು ನನ್ನದೊಂದೇ.

ವಯಸ್ಸಾದಂತೆ ಒಳಕಿವಿಯ ಸೂಕ್ಷ್ಮ ಕೋಶಗಳು ಸವೆಯುತ್ತವೆ; ಮೊದಲು ಕೈಬಿಡುವುದು ಎತ್ತರದ ಸ್ವರಗಳೇ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅದೇ ವಾರ, "ಎತ್ತರದ ಸ್ವರ ಇನ್ನೂ ಸ್ಪಷ್ಟ" ಎಂಬ ಮಾತಿಗೆ ಮರುಳಾಗಿ ಹೊಸ ಸ್ಪೀಕರಿಗೆ ಮುಂಗಡ ಕೊಡಲು ಹೊರಟಿದ್ದೆ!

ಈ ಹುಚ್ಚು ಹಳೆಯದು. ಟೇಪ್‌ರೆಕಾರ್ಡರ್ ಹೋಗಿ ಡೆಕ್ ಬಂತು, ಆಮೇಲೆ ಸಿ.ಡಿ. ಪ್ಲೇಯರ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗಲೆಲ್ಲ ಒಂದು ಪೆಟ್ಟಿಗೆ ಹಿರಿಯೂರಿಗೆ ಬರುತ್ತಿತ್ತು. 50 ವಾಟ್‌ನ ಆಂಪ್ಲಿಫೈಯರ್ ಕೊಟ್ಟು 100 ವಾಟ್‌ನದು ತಂದೆ. ವಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟು ಎನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. ಅಂಗಡಿಯಲ್ಲಿ ನಿಂತಾಗ ಮೇಷ್ಟರಿಗೇ ಪಾಠ ಮರೆತಿತ್ತು.

ದುಡ್ಡು ಹೋದದ್ದು ಹಾಗಿರಲಿ, ಹಾಡು ಕೇಳುವುದೇ ತಪ್ಪಿಹೋಗಿತ್ತು. ನಮ್ಮ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನವರನ್ನು ಕುರಿತ ತ.ರಾ.ಸು. ಅವರ ಕಾದಂಬರಿ 'ಹಂಸಗೀತೆ' 1975ರಲ್ಲಿ ಚಲನಚಿತ್ರವಾಯಿತಷ್ಟೆ. ಅದರ ಹಾಡು ಹಾಕಿ, ಬಾಲಮುರಳಿಕೃಷ್ಣ ಅವರ ಕಂಠ ಬಿಟ್ಟು ಹಿಂದಿನ ಸುಯ್ಯೆನ್ನುವ ಸದ್ದನ್ನೇ ಹುಡುಕುತ್ತಿದ್ದೆ. ಮುದ್ರಣದಲ್ಲಿ ಇಲ್ಲದ್ದನ್ನು ಯಾವ ಸ್ಪೀಕರ್ ತಾನೇ ಕೊಟ್ಟೀತು?

ತರಗತಿಯ ಕಥೆ ಕೇಳಿ ಮಗಳು ನನಗೊಂದು ಪರೀಕ್ಷೆ ಇಟ್ಟಳು. ಕಣ್ಣಿಗೆ ಟವೆಲ್ ಕಟ್ಟಿ, ಮೂಲೆ ಸೇರಿದ್ದ ಇನ್ನೊಂದು ಹಳೆಯ ಆಂಪ್ಲಿಫೈಯರ್ ಮತ್ತು ಹೊಸದರಲ್ಲಿ ಒಂದೇ ಹಾಡನ್ನು ಒಂದೇ ಮಟ್ಟದಲ್ಲಿ ಹತ್ತು ಸಲ ಹಾಕಿದಳು. ಐದು ಸರಿ, ಐದು ತಪ್ಪು.

"ಅಪ್ಪಾ, ನಾಣ್ಯ ಚಿಮ್ಮಿದ್ರೂ ಇಷ್ಟೇ ಬರ್ತಿತ್ತು" ಎಂದಳು. ಅವಳಿಗೆ ಸಂಭವನೀಯತೆಯ ಲೆಕ್ಕ ಹೇಳಿಕೊಟ್ಟವನೂ ನಾನೇ.

ಆ ಸಂಜೆ ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆದು, ಎದುರಿನ ಬೋಳು ಗೋಡೆಗೆ ಚಳ್ಳಕೆರೆಯ ಎರಡು ಕಂಬಳಿ ತೂಗುಹಾಕಿದೆವು. ಮೂಲೆಯ ಗುಂಯ್‌ಗುಡುವಿಕೆ ಇಳಿಯಿತು, ಪ್ರತಿಧ್ವನಿ ತಗ್ಗಿತು. ಈ ವ್ಯತ್ಯಾಸ ಅಡುಗೆಮನೆಯಲ್ಲಿದ್ದ ನನ್ನಾಕೆಗೂ ಕೇಳಿಸಿತು. ಖರ್ಚು ಸೊನ್ನೆ. ಮುಂಗಡದ ಹಣ ಮಗಳ ಕಾಲೇಜು ಶುಲ್ಕಕ್ಕೆ ಹೋಯಿತು.

ನಮ್ಮ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಊರೆಲ್ಲ ನೋಡಲು ಹೋಗಿತ್ತು. 130 ಅಡಿ ತುಂಬಿದ ಮೇಲೆ ಬಂದ ನೀರು ಅಣೆಕಟ್ಟೆಯದಲ್ಲ, ಹೊಳೆಯದು. ಕಿವಿಗೂ ಅಂಥದೊಂದು ಮಟ್ಟವಿದೆ. ಕಣ್ಣು ಕಟ್ಟಿಕೊಂಡು ಗುರುತಿಸಲಾಗದ ವ್ಯತ್ಯಾಸಕ್ಕೆ ದುಡ್ಡು ಕೊಡಬಾರದು. ಮಕ್ಕಳೇ, ಹೊಸ ಮೊಬೈಲ್ ಕೇಳುವ ಮುಂಚೆ ನೀವೂ ಈ ಪರೀಕ್ಷೆ ಮಾಡಿ ನೋಡಿ.

ಈಗ 'ಹಂಸಗೀತೆ' ಹಾಕಿದರೆ ಹಾಡು ಮುಗಿಯುವವರೆಗೆ ನಾನು ಕುರ್ಚಿಯಿಂದ ಏಳುವುದಿಲ್ಲ.