ಸಕ್ಕರೆ ನೀರಿನ ಹಾಜರಿ

ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಸಿಯಾಟಲ್‌ನಿಂದ ಹಕ್ಕಿಗಳ ಹಾಜರಿ ಬರುತ್ತದೆ. ಅಲ್ಲಿ ಆಗ ಸಂಜೆ. ತಂಗಿಯ ಮಗಳು ಕೆಲಸ ಮುಗಿಸಿ, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೂಗುಹಾಕಿದ ಸಕ್ಕರೆ ನೀರಿನ ಸೀಸೆಗೆ ಎಷ್ಟು ಹಮ್ಮಿಂಗ್‌ಬರ್ಡ್ ಬಂದವೆಂದು ಎಣಿಸಿ ವಾಟ್ಸಪ್ಪಿಗೆ ಹಾಕುತ್ತಾಳೆ. ‘ದೊಡ್ಡಮ್ಮಾ, ಇವತ್ತು ಬರೀ ಮೂರು. ಹೋದ ವಾರ ಎಂಟಿದ್ವು.’ ಜೊತೆಗೆ ಅಳುವ ಮುಖ. ನಾನು ಹಾಲಿನ ಮೇಲೊಂದು ಕಣ್ಣಿಟ್ಟು ‘ಬರ್ತಾವೆ ಬಿಡವ್ವಾ’ ಎಂದು ಬರೆಯುತ್ತೇನೆ. ಮರುದಿನ ಆರು ಬಂದರೆ ಕುಣಿಯುವ ಮುಖ. ನಾಲ್ಕೈದು ಗ್ರಾಂ ತೂಗುವ ಹಕ್ಕಿಗಳು ಎರಡು ದೇಶಗಳ ಎರಡು ಅಡುಗೆಮನೆಗಳ ಮನಸ್ಸನ್ನು ಆಳುತ್ತಿವೆ.

ಇಷ್ಟಕ್ಕೆ ಮುಗಿದರೆ ನನ್ನದೇನೂ ತಕರಾರಿಲ್ಲ. ಆದರೆ ಕೊನೆಗೊಂದು ಬಾಲಂಗೋಚಿ ಇರುತ್ತದೆ: ‘ನಮ್ಮ ಹೊಸಪೇಟೆ ಮನೀಗೆ ಎಷ್ಟು ಬಂದ್ವು?’ ಹಮ್ಮಿಂಗ್‌ಬರ್ಡ್ ಹೊಸಪೇಟೆಗೆ ಬರಬೇಕಾದರೆ ಪಾಸ್‌ಪೋರ್ಟ್ ಮಾಡಿಸಬೇಕು. ಅವುಗಳಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಗಳಿವೆ. ಅಷ್ಟೂ ಅಮೆರಿಕ ಖಂಡಗಳವೇ. ನಮ್ಮಲ್ಲಿ ಹೂವಿನ ಬಟ್ಟಲು ಬಳಿಯುವ ಕೆಲಸಕ್ಕೆ ಇರುವುದು ಸೂರಕ್ಕಿ. ಬೆನ್ನು ಕೆಂಗಂದು, ಹೊಟ್ಟೆ ಹಳದಿ ಇರುವುದೊಂದು. ನೆರಳಲ್ಲಿ ಬರೀ ಕರಿಯಾಗಿದ್ದು ಬಿಸಿಲಿಗೆ ಬಂದೊಡನೆ ನೀಲಿ-ನೇರಳೆಯಾಗಿ ಮಿಂಚುವುದು ಇನ್ನೊಂದು. ಇದನ್ನು ಅವಳಿಗೆ ಹೇಳಿಕೊಡಬೇಕಾಗಿ ಬಂದದ್ದೇ ನನ್ನ ಸಂಕಟ. ಬಚ್ಚಲ ಹಿಂದಿನ ನುಗ್ಗೆಮರದ ಕೆಳಗೆ ಆಡಿಕೊಂಡು ಬೆಳೆದ ಹುಡುಗಿ ಅವಳು. ಆ ನುಗ್ಗೆಹೂವಿಗೆ ಬರುತ್ತಿದ್ದ ಗಂಡು ಸೂರಕ್ಕಿ ಅವರಪ್ಪನ ಸ್ಕೂಟರಿನ ಕನ್ನಡಿಯಲ್ಲಿ ಇನ್ನೊಬ್ಬ ಗಂಡನ್ನು ಕಂಡು ದಿನವಿಡೀ ಕುಟ್ಟಿ ಕುಟ್ಟಿ ಜಗಳಕ್ಕೆ ನಿಲ್ಲುತ್ತಿತ್ತು. ಕೊನೆಗೆ ಕನ್ನಡಿಗೆ ಸಂತೆಯ ಕೈಚೀಲ ತೊಡಿಸಿ ರಾಜಿ ಮಾಡಿಸಿದ್ದೂ ಇವಳೇ. ಸಿಯಾಟಲ್‌ನಲ್ಲಿ ಅದೆಲ್ಲ ಮರೆತುಹೋಗಿದೆ.

ಹೋದ ಸಲ ಊರಿಗೆ ಬಂದಾಗ ನನಗೂ ಒಂದು ಸೀಸೆ ತಂದಳು. ಕೆಂಪು ಪ್ಲಾಸ್ಟಿಕ್ಕು, ಬುಡದಲ್ಲಿ ಹಳದಿ ಪ್ಲಾಸ್ಟಿಕ್ ಹೂವುಗಳು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೆರೆಸಬಾರದು, ಎರಡು ಮೂರು ದಿನಕ್ಕೊಮ್ಮೆ ತೊಳೆಯಬೇಕು. ನನ್ನ ಬಿ.ಪಿ. ಮಾತ್ರೆಗೂ ಇಷ್ಟು ಕಟ್ಟುಪಾಡಿಲ್ಲ. ಕಬ್ಬಿನ ಸೀಮೆಯಲ್ಲಿ ಹಕ್ಕಿಗೆ ಸಕ್ಕರೆ ಹಂಚುವುದಕ್ಕೇನು ಬರ ಎಂದು ದಾಸವಾಳದ ಪಕ್ಕ ತೂಗುಹಾಕಿದೆ. (ಚಿತ್ತವಾಡಗಿಯ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕಬ್ಬಿನ ಸೀಮೆ ಎಂದು ಜಂಬ ಕೊಚ್ಚಿಕೊಳ್ಳುವ ಹಕ್ಕು ನಮಗೆ ಎಷ್ಟು ಉಳಿದಿದೆಯೋ. ಜಂಬವನ್ನು ಈಗ ಕಂಪ್ಲಿಯ ಗಾಣಗಳಿಗೆ ಒಪ್ಪಿಸಬಹುದು.) ಮೊದಲು ಬಂದದ್ದು ಗೊದ್ದ. ಆಮೇಲೆ ಕೆಂಪಿರುವೆ, ಕಡಜ. ಅಳಿಲೊಂದು ತಲೆಕೆಳಗಾಗಿ ನೇತುಬಿದ್ದು ಹಳದಿ ಹೂವನ್ನೇ ಕಿತ್ತುಕೊಂಡು ಹೋಯಿತು. ಸೂರಕ್ಕಿ ಬಂದು ಕೊಂಬೆಯ ಮೇಲೆ ಕೂತು ಇದನ್ನೆಲ್ಲ ನೋಡಿತು. ನಂತರ ಪಕ್ಕದ ದಾಸವಾಳದ ಬುಡಕ್ಕೆ ಕೊಕ್ಕಿನಿಂದ ತೂತು ಮಾಡಿ, ಪರಾಗ ಸಾಗಿಸುವ ಕೂಲಿಯನ್ನೂ ಸಲ್ಲಿಸದೆ, ಮಕರಂದ ಕದ್ದು ಕುಡಿದು ಹಾರಿತು. ‘ಇರುವೆಗೊಂದು ಅಮೆರಿಕನ್ ಹೋಟ್ಲು ಆತು ನೋಡು’ ಎಂದರು ನಮ್ಮವರು.

ಸೀಸೆಗೆ ಬರದಿದ್ದರೂ ಹಿತ್ತಲಿಗೆ ಬಂದದ್ದನ್ನು ಎಣಿಸಿ ಕಳಿಸೋಣವೆಂದರೆ ಅಲ್ಲಿಯೂ ಪೇಚು. ಕರಿಯದರ ಗಂಡು ಬೇಸಿಗೆಯಲ್ಲಿ ಒಡವೆ ಹೇರಿಕೊಂಡಿರುತ್ತದೆ, ದೀಪಾವಳಿಯ ಸುಮಾರಿಗೆ ಕಾಣುವುದೇ ಇಲ್ಲ. ಬೆಕ್ಕು ಹಿಡಿಯಿತೆಂದು ಪಕ್ಕದ ಮನೆಯವರು ಲೊಚಗುಟ್ಟುತ್ತಾರೆ. ಅದು ಎಲ್ಲಿಗೂ ಹೋಗಿರುವುದಿಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಮಿಂಚುವ ಗರಿಗಳನ್ನು ಉದುರಿಸಿ, ಹೆಣ್ಣಿನಂತೆ ಮಾಸಲು ಹಳದಿ ಬಣ್ಣ ತಾಳಿ, ಎದೆಯ ನಡುವೆ ಒಂದು ಕರಿ ಪಟ್ಟಿ ಮಾತ್ರ ಗುರುತಿಗೆ ಇಟ್ಟುಕೊಂಡು ಅದೇ ಕೊಂಬೆಯ ಮೇಲೆ ಕೂತಿರುತ್ತದೆ. ಮದುವೆ, ಮಕ್ಕಳು ಎಲ್ಲ ಮುಗಿದ ಮೇಲೆ ಇನ್ನು ಅಲಂಕಾರ ಯಾರಿಗೆ? ಈ ಸಾಲನ್ನು ಓದಿದ ನಮ್ಮವರು ತಮ್ಮ ಬನಿಯನ್ನಿನ ತೂತನ್ನೊಮ್ಮೆ ನೋಡಿಕೊಂಡರು.

ತಮಾಷೆಯ ಆಚೆಗೆ, ನಮ್ಮ ಬೀದಿಯಲ್ಲಿ ಸೂರಕ್ಕಿ ಕಡಿಮೆಯಾಗಿರುವುದಂತೂ ನಿಜ. ಅದಕ್ಕೆ ಸಂಶೋಧನೆಯೇನೂ ಬೇಕಿಲ್ಲ, ಬೀದಿಯನ್ನೊಮ್ಮೆ ನಡೆದರೆ ಸಾಕು. ಹಿತ್ತಲುಗಳಿಗೆ ಸಿಮೆಂಟಿನ ಬಿಲ್ಲೆ ಹಾಸಿಯಾಗಿದೆ. ಕಂಬಳಿಹುಳುವಿನ ಹೆದರಿಕೆಗೆ ನುಗ್ಗೆಮರಗಳು ಹೋದವು, ಕಾರು ನಿಲ್ಲಿಸಲು ಪೇರಲ ಹೋಯಿತು. ಇವೆಲ್ಲಕ್ಕಿಂತ ಕೆಟ್ಟ ಶತ್ರು ನನ್ನಂಥ ಗೃಹಿಣಿಯ ಕೈಯ ಉದ್ದನೆಯ ಕಸಬರಿಗೆ. ಸೂರಕ್ಕಿಯ ಹೆಣ್ಣು ನಾರು, ತೊಗಟೆ ಚೂರು, ಹುಳುವಿನ ಹಿಕ್ಕೆ, ಎಲ್ಲವನ್ನೂ ಜೇಡರ ಬಲೆಯಿಂದ ಹೊಲಿದು ಬಟ್ಟೆ ಹಗ್ಗಕ್ಕೋ ಬಲ್ಬಿನ ವೈರಿಗೋ ಸಂಚಿಯಂಥ ಗೂಡು ನೇತುಹಾಕುತ್ತದೆ. ಯುಗಾದಿಗೂ ದಸರೆಗೂ ಬಲೆ ಹೊಡೆದು ಫಳಫಳ ಮಾಡಿದ ಮನೆಯಲ್ಲಿ ಅದಕ್ಕೆ ನೂಲೂ ಇಲ್ಲ, ಮರಿಗೆ ಊಟವೂ ಇಲ್ಲ. ಮರಿಗಳಿಗೆ ಬೇಕಾದದ್ದು ಜೇಡ, ಸಣ್ಣ ಹುಳು. ಸಕ್ಕರೆ ನೀರಿನಿಂದ ಅವಕ್ಕೆ ಮೈ ಕಟ್ಟುವುದಿಲ್ಲ. ಕಮಲಾಪುರದ ಕಡೆ, ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ಬಗಲಲ್ಲಿ ಬಾಳೆತೋಟಗಳಿವೆಯಲ್ಲ, ಅಲ್ಲಿ ಬಾಳೆಹೂವಿಗೆ ಈಗಲೂ ಸಂತೆ ನೆರೆದಿರುತ್ತದೆ. ಸಂಡೂರಿನ ಗುಡ್ಡಗಳ ಮಾವಿಗೆ ಹತ್ತಿದ ಬದನಿಕೆಯನ್ನು ರೈತರು ಶಪಿಸುತ್ತಾರೆ, ಸೂರಕ್ಕಿಗೆ ಅದೇ ಅಮೃತ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ ಆ ರಸ್ತೆಗಳ ಬದಿಯ ಗಿಡಗಳಲ್ಲಿ ಹೂವು ಯಾವುದು ಎಲೆ ಯಾವುದು ಎಂದು ತಿಳಿಯದಷ್ಟು ಕೆಂಧೂಳು ಕೂತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಹೂವುಗಳ ಬಣ್ಣವೂ ಸ್ವಲ್ಪ ಕಾಲ ತಿರುಗಿ ಬಂತು.

ಅಂದಹಾಗೆ 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೆ. ಹೀಗಾಗಿ ಇತ್ತ ಗೂಡು ಕಟ್ಟಿ ಅತ್ತ ಉಂಡು ಬರುವ ಹಕ್ಕಿ ಯಾವ ಲೆಕ್ಕಕ್ಕೆ ಸೇರಬೇಕೋ!

ಅಮೆರಿಕದವರು ಲೆಕ್ಕದಲ್ಲಿ ನಮಗಿಂತ ಗಟ್ಟಿಗರು. ಮನೆಯಂಗಳದ ಕಾಳಿನ ತಟ್ಟೆಗೆ, ಸೀಸೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ಸಾವಿರಾರು ಜನ ಎಣಿಸಿ ಕಳಿಸುವ ‘ಫೀಡರ್‌ವಾಚ್’ ಎಂಬ ಏರ್ಪಾಡು ಅಲ್ಲಿ 1987ರಿಂದ ನಡೆದಿದೆ. ನಮ್ಮ ಹುಡುಗಿಯ ಸೀಸೆಗೆ ವರ್ಷವಿಡೀ ಬರುವುದು ‘ಅನ್ನಾಸ್’ ಎಂಬ ಜಾತಿ. ನೂರು ವರ್ಷದ ಹಿಂದೆ ಅದು ದಕ್ಷಿಣ ಕ್ಯಾಲಿಫೋರ್ನಿಯ ಮತ್ತು ಅದರ ಕೆಳಗಿನ ಮೆಕ್ಸಿಕೊದ ತುಂಡಿನಲ್ಲಿ ಮಾತ್ರ ಮರಿ ಮಾಡುತ್ತಿತ್ತಂತೆ. ಜನ ಹೂಗಿಡ ನೆಟ್ಟರು, ನೀಲಗಿರಿ ಮರ ಬೆಳೆಸಿದರು, ಸೀಸೆ ತೂಗಿದರು. ಅದು ಮೆಲ್ಲಮೆಲ್ಲನೆ ಬಡಗಣಕ್ಕೆ ಸರಿದು ಇವತ್ತು ಕೆನಡಾದಲ್ಲೂ ಚಳಿಗಾಲ ಕಳೆಯುತ್ತದೆ. ವಸಂತದಲ್ಲಿ ಬಂದುಹೋಗುವ ಇನ್ನೊಂದು ಜಾತಿ ‘ರೂಫಸ್’. ಮೆಕ್ಸಿಕೊದಿಂದ ಅಲಾಸ್ಕದವರೆಗೆ ಹಾರುವ ಆ ಕಂದು ಚೂರು 1970ರ ಈಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ಎರಡೂ ಕುಡಿಯುವುದು ಅದೇ ಸೀಸೆಯ ಅದೇ ನೀರನ್ನು. ಅಂದಮೇಲೆ ಸೀಸೆಯನ್ನು ಕೇಳಿ ಏನು ಪ್ರಯೋಜನ? ಅವಳ ಹಕ್ಕಿಗಳು ಎಂಟರಿಂದ ಮೂರಕ್ಕೆ ಇಳಿದ ವಾರವೇ ಪಕ್ಕದ ಮನೆಯ ಬೇಲಿಯಲ್ಲಿ ಹೂವು ಅರಳಿರಬಹುದು. ನಾನು ಮೇಷ್ಟರಗಿತ್ತಿಯಾಗಿದ್ದವಳು. ಮೊಟ್ಟೆ ಕೊಡುವ ದಿನದ ಹಾಜರಿ ನೋಡಿ ಊರಲ್ಲಿ ಮಕ್ಕಳೆಷ್ಟು ಎಂದು ವರದಿ ಬರೆಯಬಾರದು ಎಂಬಷ್ಟು ಲೆಕ್ಕ ನನಗೆ ಗೊತ್ತು.

ಇದನ್ನು ಅವಳಿಗೆ ಫೋನಿನಲ್ಲಿ ವಿವರಿಸುವುದಕ್ಕಿಂತ ತೋರಿಸುವುದೇ ವಾಸಿ ಎಂದು, ಊರಿಗೆ ಬಂದಿದ್ದಾಗಲೇ ದರೋಜಿಗೆ ಕರೆದುಕೊಂಡು ಹೋದೆ. ಹಂಪಿಗೆ ಬಂದವರು ಕಲ್ಲಿನ ರಥ ನೋಡಿ, ತೆಪ್ಪ ಏರಿ, ಮಂಗಗಳಿಗೆ ಬಾಳೆಹಣ್ಣು ಒಪ್ಪಿಸಿ ಹೋಗಿಬಿಡುತ್ತಾರೆ. ಕಮಲಾಪುರ ದಾಟಿ ಸ್ವಲ್ಪ ಮುಂದೆ ಹೋದರೆ ಕರಡಿಧಾಮ ಇದೆ. 1994ರಲ್ಲಿ ಧಾಮವಾದದ್ದು, ಆಮೇಲೆ ಇನ್ನಷ್ಟು ಕಾಡು ಸೇರಿ ಎಂಬತ್ತಕ್ಕೂ ಹೆಚ್ಚು ಚದರ ಕಿಲೋಮೀಟರಾಗಿದೆ. ಕಾಡೆಂದರೆ ಮಲೆನಾಡಿನ ಕತ್ತಲೆಯಲ್ಲ. ಬಂಡೆಯ ಮೇಲೆ ಬಂಡೆ, ಸಂದಿಗಳಲ್ಲಿ ಕುರುಚಲು, ಕವಳಿಕಂಟಿ, ಬಾರಿ, ಸೀತಾಫಲ. ಎತ್ತರದ ಗೋಪುರವೊಂದಿದೆ. ಎದುರಿಗೆ ಕರಡಿಕಲ್ಲು ಗುಡ್ಡ. ಮಧ್ಯಾಹ್ನ ಇಲಾಖೆಯವರು ಹೋಗಿ ಆ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ನಾವು ಗೋಪುರದ ಮೇಲೆ ದುರ್ಬೀನು ಹಿಡಿದು ಕೂರುತ್ತೇವೆ. ಬಿಸಿಲು ಇಳಿದಂತೆ ಗವಿಗಳಿಂದ ಕರಡಿಗಳು ಒಂದೊಂದಾಗಿ ಕೆಳಗಿಳಿದು ಬಂಡೆ ನೆಕ್ಕುತ್ತವೆ.

‘ದೊಡ್ಡಮ್ಮಾ, ಇದೂ ಫೀಡರ್ರೇ ಅಲ್ಲೇನು?’ ಎಂದಳು. ಮತ್ತಿನ್ನೇನು!

ಕರಡಿ ಎಂದರೆ ನನ್ನ ಬಾಲ್ಯದಲ್ಲಿ ಬೀದಿಗೆ ಬರುತ್ತಿದ್ದ ಪ್ರಾಣಿ. ಮೂಗಿನ ಹಗ್ಗ, ಡೋಲಿನ ಸದ್ದು. ಮಕ್ಕಳ ಹೆದರಿಕೆ ಬಿಡಲಿ ಎಂದು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲು ಕಿತ್ತು ತಾಯತಕ್ಕೆ ಕೊಡುತ್ತಿದ್ದರು. ನನ್ನ ಹೆದರಿಕೆ ಬಿಡಲಿಲ್ಲ. ಕರಡಿಯ ಹೆದರಿಕೆಯನ್ನು ಯಾರೂ ಕೇಳಲಿಲ್ಲ. 2009ರ ಹೊತ್ತಿಗೆ ಆ ಆಟ ದೇಶದಲ್ಲಿ ಬಹುಮಟ್ಟಿಗೆ ನಿಂತುಹೋಯಿತು. ಇಲ್ಲಿ ಹಗ್ಗವಿಲ್ಲ, ಡೋಲಿಲ್ಲ, ಕರಡಿ ತಾನಾಗಿಯೇ ಬರುತ್ತದೆ, ನೆಕ್ಕಿ ಹೋಗುತ್ತದೆ. ತಾಯಿಯೊಂದು ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಆ ಬಂಡೆಯನ್ನು ಇಳಿಯಿತು. ಮರಿಗಳ ಪಂಜ ತಾಯಿಯ ಉದ್ದನೆಯ ಕೂದಲನ್ನು ಬಿಗಿಯಾಗಿ ಹಿಡಿದಿದ್ದವು. ನವಿಲುಗಳು ಪಾಲಿಗೆ ಬಂದವು, ಗೌಜುಗಗಳು ಬಂದವು, ಒಂದು ಮುಂಗುಸಿ ಕರಡಿಯ ಮೂಗಿನ ಕೆಳಗಿನಿಂದಲೇ ಬೆಲ್ಲ ಹೊಡೆಯಿತು. ಅಮೆರಿಕದ ಹುಡುಗಿಗೆ ಎಣಿಸುವುದೇ ಮರೆತುಹೋಯಿತು.

ಆ ಬೆಲ್ಲ ಇಲ್ಲದಿದ್ದರೆ ಅಂಥ ತಾಯಿಯನ್ನು ನಾನು ಈ ಜನ್ಮದಲ್ಲಿ ಕಾಣುತ್ತಿರಲಿಲ್ಲ, ಆದ್ದರಿಂದ ಬೆಲ್ಲ ತಪ್ಪೆಂದು ಬಾಯಿ ತುಂಬ ಹೇಳಲಾರೆ. ಆದರೆ ಕರಡಿಯ ಬಾಯನ್ನೂ ನೋಡಬೇಕು. ಅದಕ್ಕೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಹುಟ್ಟಿನಿಂದಲೇ ಇಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದೆ ಚಾಚಿ, ಆ ಸಂದಿಯಿಂದ ಗೆದ್ದಲನ್ನು ಸುರ್ರೆಂದು ಹೀರಲು ಮಾಡಿಕೊಟ್ಟ ಏರ್ಪಾಡು ಅದು. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದಂತೆ. ಅಂಥ ಯಂತ್ರವನ್ನು ನಾವು ಬಂಡೆ ನೆಕ್ಕಲು ಕರೆಯುತ್ತೇವೆ. ಸುತ್ತಣ ಹಳ್ಳಿಗಳ ಮಾತೇ ಬೇರೆ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ರಾತ್ರಿ ಕರಡಿ ಇಳಿದರೆ ಅಲ್ಲಿ ಯಾರೂ ದುರ್ಬೀನು ಹಿಡಿದು ಕೂರುವುದಿಲ್ಲ. ಬೆಳಗಿನ ಜಾವ ಹೊಲಕ್ಕೆ ಹೊರಟವರು ಎದುರಾಬದುರಾಗಿ ಮುಖ ಹರಿಸಿಕೊಂಡು ಆಸ್ಪತ್ರೆ ಸೇರಿದ್ದುಂಟು. ಅವರನ್ನು ಕೇಳಿದರೆ ಕರಡಿ ಹೆಚ್ಚಾಗಿವೆ. ಗೋಪುರದ ಮೇಲಿನವರನ್ನು ಕೇಳಿದರೆ ಕಡಿಮೆಯಾಗಿವೆ.

ಆ ದಿನ ನಮ್ಮ ಪಕ್ಕದಲ್ಲಿ ಬೆಂಗಳೂರಿನ ಒಂದು ಕುಟುಂಬವಿತ್ತು. ತಾಯಿ-ಮರಿ ಹೋದಮೇಲೆ ಇನ್ನೊಂದೇ ಕರಡಿ ಬಂದದ್ದು, ಅದೂ ಅರೆಮನಸ್ಸಿನಿಂದ ಒಂದು ಬಂಡೆ ನೆಕ್ಕಿ ಬೆನ್ನು ತಿರುಗಿಸಿತು. ಮನೆಯ ಯಜಮಾನರಿಗೆ ಸಿಟ್ಟು ಬಂತು. ಮೊಬೈಲು ತೆಗೆದು ಯಾರೋ ಹಾಕಿದ್ದ ಚಿತ್ರ ತೋರಿಸಿ, ಬೇಸಿಗೆಯಲ್ಲಿ ಇವರ ಗೆಳೆಯರು ಬಂದಾಗ ಹತ್ತು ಹನ್ನೊಂದು ಬಂದಿದ್ದವು, ಕರಡಿಗಳೆಲ್ಲ ಸತ್ತುಹೋದವೇ, ಇಲಾಖೆ ಏನು ಮಾಡುತ್ತಿದೆ, ಇಷ್ಟು ದೂರದಿಂದ ಬಂದವರ ಗತಿಯೇನು ಎಂದು ಕಾವಲುಗಾರನನ್ನು ತರಾಟೆಗೆ ತೆಗೆದುಕೊಂಡರು. ನಮ್ಮ ಹುಡುಗಿ ಕೂಡ ಅಳುವ ಮುಖ ಮಾಡಿಕೊಂಡಳು. ಆತ ಬಾಯೊಳಗಿನ ಎಲೆಅಡಿಕೆಯನ್ನು ದವಡೆಗೆ ಸರಿಸಿಕೊಂಡು, ಗುಡ್ಡದ ಹಿಂಬದಿಗೆ ಕೈ ತೋರಿಸಿ ಹೇಳಿದ:

‘ಸಾಯೂದು ಎಲ್ಲಿಂದ್ರೀ, ಆರಾಮ ಅದಾವು. ಈಗ ಸೀತಾಫಲದ ಸುಗ್ಗಿ. ಆ ಕಡಿ ಹಣ್ಣು ಉದುರಿ ಬಿದ್ದಾವು. ನಿಮ್ಮ ಬೆಲ್ಲ ಯಾರಿಗೆ ಬೇಕು? ಇಳೀರಿ ಇನ್ನ, ಗೇಟ್ ಹಾಕಬೇಕು.’